ಸೋಮಿಯ ಕಣ್ಣು, ಗಣಪನ ರೈಲು

ಕುಮಟೆಯ ಸಾಗರ ಸೇವಾ ಕ್ಲಬ್ಬು ವರ್ಷಕ್ಕೊಮ್ಮೆ ಕಣ್ಣಿನ ಶಿಬಿರ ನಡೆಸುತ್ತಿತ್ತು. ಪೊರೆ ಬಂದ ನಲವತ್ತು ಜನರನ್ನು ಆರಿಸಿ, ಬಸ್ಸಿನಲ್ಲಿ ಹೊನ್ನಾವರದ ಆಸ್ಪತ್ರೆಗೆ ಕರೆದೊಯ್ದು, ಆಪರೇಷನ್ ಮಾಡಿಸಿ, ಕಪ್ಪು ಕನ್ನಡಕ ಹಾಕಿಸಿ, ಮೂರನೆಯ ದಿನ ಮನೆ ಮುಟ್ಟಿಸುವುದು. ಎಲ್ಲ ಪುಕ್ಕಟೆ. ಬ್ಯಾನರು ಹಿಡಿದು ಫೋಟೋ ತೆಗೆಸಿಕೊಳ್ಳುವುದೂ ಉಂಟು. ಫೋಟೋ ಇಲ್ಲದ ಸೇವೆ ಉಪ್ಪಿಲ್ಲದ ಊಟ ಎಂಬುದು ಕ್ಲಬ್ಬಿನವರ ನಂಬಿಕೆ.

ಸೆಕ್ರೆಟರಿ ಕೃಷ್ಣಾನಂದ ಕಾಮತರು ಪೇಟೆಯಲ್ಲಿ ಫ್ಯಾನು, ಮಿಕ್ಸಿ ಮಾರುವವರು. ಅಂಗಡಿಯನ್ನು ನಡೆಸುವುದಕ್ಕಿಂತ ಹೆಚ್ಚು ಶಿಸ್ತಿನಿಂದ ಕ್ಲಬ್ಬನ್ನು ನಡೆಸುತ್ತಿದ್ದರು. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂದು ಹೆಂಡತಿ ವನಮಾಲಾ ಆಡಿಕೊಂಡರೂ ಅವರಿಗೆ ಬೇಸರವಿಲ್ಲ. ಅವರ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಮುಗಿಯಿತು, ಆ ಮನುಷ್ಯ ಬಸ್ಸು ಹತ್ತಲೇಬೇಕು. ಹತ್ತದಿದ್ದವಳು ಒಬ್ಬಳೇ, ಮಿರ್ಜಾನದ ಸೋಮಿ. ೨೦೦೧ರಲ್ಲಿ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ೨೦೦೩ರಲ್ಲಿ ಶಿಬಿರಕ್ಕೆ ವಾರವಿರುವಾಗಲೇ 'ನಾ ಬರೂದಿಲ್ಲ' ಎಂದು ಹೇಳಿಕಳಿಸಿದಾಗ ಕಾಮತರಿಗೆ ಪಿತ್ತ ನೆತ್ತಿಗೇರಿತು. ಸ್ಕೂಟರು ಹತ್ತಿ ಮಿರ್ಜಾನಕ್ಕೇ ಹೋದರು.

ಸೋಮಿ ಅಂಗಳದಲ್ಲಿ ಕೂತು ಹೊಳೆಯ ಚಿಪ್ಪಿಯಿಂದ ಮಾಂಸ ಬಿಡಿಸುತ್ತಿದ್ದಳು. ನೋಡಿ ಬಿಡಿಸುತ್ತಿರಲಿಲ್ಲ, ತಡವಿ ಬಿಡಿಸುತ್ತಿದ್ದಳು. ಬೆರಳುಗಳ ತುಂಬ ಕತ್ತಿಯ ಗಾಯ. ಪಕ್ಕದಲ್ಲಿ ಅವಳ ಮಗ ಗಣಪ ಖಾಲಿ ಚಿಪ್ಪುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಡುತ್ತಿದ್ದ. ಬಂದವರು ಯಾರೆಂದು ನೋಡಲೂ ತಲೆ ಎತ್ತಲಿಲ್ಲ.

"ಎಂತ ಸೋಮಿ, ನಿಂಗೆ ಕಣ್ಣು ಬೇಡ್ವಾ? ಇನ್ನೊಂದು ವರ್ಷಕ್ಕೆ ಪೂರ್ತಿ ಕುರುಡಿ ಆಗ್ತೆ."

"ಬೇಕು ಒಡೆಯಾ. ಯಾರಿಗೆ ಬ್ಯಾಡ? ಮೂರು ದಿನ ಇವನ ಹತ್ರ ಕೂರೂಕೆ ಯಾರೂ ಇಲ್ಲ."

"ಅಕ್ಕಪಕ್ಕದವರು ಇಲ್ವಾ?"

ಸೋಮಿ ಮಗನ ಕಡೆ ಮುಖ ಮಾಡಿ, "ಗಣಪಾ, ಕೈ" ಎಂದಳು. ಅವನು ಕೆಲಸ ಬಿಡದೆ ಎಡಗೈ ಚಾಚಿದ. ಮಣಿಕಟ್ಟಿನ ಸುತ್ತ ಹಳೆಯ ಕಲೆಯೊಂದು ಬಳೆಯಂತೆ ಕೂತಿತ್ತು.

"ತಂಗಿ ಮದುವೆಗೆ ಮಂಕಿ ಊರಿಗೆ ಹೋದಾಗ ನಮ್ಮೋರ ಮನೇಲೇ ಬಿಟ್ಟು ಹೋಗಿದ್ದೆ. ಕೂಗ್ತಾನೆ ಅಂದ್ಕಂಡು ಕಂಬಕ್ಕೆ ಕಟ್ಟ್ ಹಾಕಿದ್ರು. ಎರಡು ದಿನ. ಅಲ್ಲಿಂದ ಇತ್ಲಾಗೆ ನಾ ಎಲ್ಲೂ ಹೋಗಲಿಲ್ಲ."

"ಪೂರ್ತಿ ಕುರುಡಿಯಾದ್ರೆ ಇವನನ್ನ ನೋಡೋರು ಯಾರು?"

"ಅದನ್ನೇ ನಾನೂ ದಿನಾ ಕೇಳ್ಕಂತೆ" ಎಂದಳು ಸೋಮಿ.

ಬೈಯಲು ಬಂದಿದ್ದ ಕಾಮತರು ಇಂಗು ತಿಂದ ಮಂಗನಂತಾಗಿ ಹಿಂದಿರುಗಿದರು.

ಆ ಶನಿವಾರದ ಸಭೆಯಲ್ಲಿ ವಿಷಯ ಎತ್ತಿದರು. ಸದಸ್ಯೆಯಾಗಿದ್ದ ಡಾಕ್ಟರ್ ವಿನುತಾ ಗಣಪನನ್ನು ಒಮ್ಮೆ ನೋಡಿದ್ದರು. "ಅದು ಹುಚ್ಚಲ್ಲ, ಆಟಿಸಂ. ಹುಟ್ಟಿನಿಂದ ಇರೋದು. ಮುಟ್ಟಿದ್ರೆ, ಗದ್ದಲವಾದ್ರೆ, ದಿನದ ಕ್ರಮ ತಪ್ಪಿದ್ರೆ ಅವನಿಗೆ ತಡ್ಕೊಳ್ಳೋಕೆ ಆಗೋದಿಲ್ಲ" ಎಂದರು. "ಆಟಿಸಂ ಮಕ್ಕಳಿಗೆ ಬರೋದಲ್ವಾ?" ಎಂದು ಯಾರೋ ಕೇಳಿದರು. "ಮಕ್ಕಳು ದೊಡ್ಡವರಾಗೋದಿಲ್ವಾ?" ಎಂದರು ಡಾಕ್ಟರು.

ಕ್ಲಬ್ಬಿನವರ ಕರುಳು ಚುರುಕ್ ಎಂದಿತು. ಒಬ್ಬರು ಗಾಲಿಕುರ್ಚಿ ಕೊಡಲು ಮುಂದಾದರು. ಗಣಪನ ಕಾಲು ಅವರದ್ದಕ್ಕಿಂತ ಗಟ್ಟಿಯಿತ್ತು. ಇನ್ನೊಬ್ಬರು ಹೊಲಿಗೆ ಯಂತ್ರ ಎಂದರು. ಕಂಬಳಿ, ಹಣ್ಣು, ಸ್ಟೀಲಿನ ಡಬ್ಬಿ, ಎಲ್ಲ ಬಂತು. "ಕೊಡೋದು ಬೇಡ. ಹೋಗಿ ಕೂರೋರು ಯಾರು, ಹೇಳಿ" ಎಂದು ಕಾಮತರು ಕೇಳಿದಾಗ ಮಾತ್ರ ಇಪ್ಪತ್ತೆಂಟು ಜನ ಒಟ್ಟಿಗೆ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದರು. ಆ ಫ್ಯಾನು ಕಾಮತರ ಅಂಗಡಿಯದೇ.

ಹೀಗಾಗಿ ಕಾಮತರೇ ಹೋದರು. ಬಸ್ಸು ಹತ್ತುವ ಮೊದಲು ಸೋಮಿ ಮೂರು ಸಲ ಹೇಳಿದಳು: ಹಳದಿ ತಟ್ಟೆಯಲ್ಲೇ ಗಂಜಿ ಹಾಕಬೇಕು. ಚಿಪ್ಪಿನ ಸಾಲು ದಾಟಬಾರದು. ಮುಟ್ಟಬಾರದು. ಸಂಜೆ ಐದಕ್ಕೆ ಅವನು ರೈಲಿನ ಬೇಲಿಯ ಹತ್ತಿರ ಹೋಗುತ್ತಾನೆ, ಪ್ಯಾಸೆಂಜರ್ ನೋಡಿಕೊಂಡು ಬಂದ ಮೇಲೆ ಸ್ನಾನ, ಆಮೇಲೆ ಗಂಜಿ.

"ರೈಲು ತಡವಾದ್ರೆ?"

"ಅವ ನಿಂತಿರ್ತಾ. ನೀವೂ ನಿಂತ್ಕಣಿ."

ಮೊದಲ ದಿನ ರೈಲು ಸರಿಯಾಗಿ ಬಂತು. ಗಣಪ ಎರಡೂ ಕಿವಿ ಮುಚ್ಚಿಕೊಂಡು, ಬಾಯಿ ತುಂಬ ನಗುತ್ತ, ಕೊನೆಯ ಡಬ್ಬಿಯವರೆಗೂ ನೋಡಿ ಮನೆಗೆ ತಿರುಗಿದ. ಕಾಮತರಿಗೆ ಧೈರ್ಯ ಬಂತು. ಇಷ್ಟೇನಾ, ಇದಕ್ಕೆ ಎರಡು ವರ್ಷ ಹಾಳಾಯಿತಲ್ಲ ಎಂದುಕೊಂಡರು.

ಎರಡನೆಯ ದಿನ ಸಂಜೆ ಆರೂವರೆಗೆ ಕುಮಟೆಯಲ್ಲಿ ಗವರ್ನರ್ ಭೇಟಿ. ರಾಜ್ಯಪಾಲರಲ್ಲ, ಕ್ಲಬ್ಬಿನ ಜಿಲ್ಲಾ ಗವರ್ನರ್. ಕಾಮತರ ಲೆಕ್ಕದಲ್ಲಿ ರಾಜ್ಯಪಾಲರಿಗಿಂತ ಒಂದು ಕೈ ಮೇಲೆ. ವರ್ಷದ ವರದಿ ಓದಬೇಕಾದವರು ಇವರೇ. ಅಷ್ಟು ಹೊತ್ತು ಗಣಪನ ಹತ್ತಿರ ಕೂರಲು ವನಮಾಲಾ ಬಸ್ಸಿನಲ್ಲಿ ಬಂದು ಸೋಮಿಯ ಮನೆಯಲ್ಲಿ ಕಾಯುತ್ತಿದ್ದರು. ಐದಕ್ಕೆ ರೈಲು ನೋಡಿಸಿ, ಇವನನ್ನು ಹೆಂಡತಿಗೆ ಒಪ್ಪಿಸಿ ಹೊರಡುವುದೆಂದು ಕೋಟು ಹಾಕಿಕೊಂಡೇ ಬೇಲಿಯ ಹತ್ತಿರ ನಿಂತರು. ಐದೂವರೆಯಾಯಿತು, ಆರಾಯಿತು. ರೈಲಿನ ಸುಳಿವಿಲ್ಲ. ಕ್ಲಬ್ಬಿನ ಜೀಪು ತಗೊಂಡು ಖಜಾಂಚಿ ವಿನೋದ ಓಡಿಬಂದ.

"ಕಾಮತ್ ಮಾಮಾ, ಗವರ್ನರ್ ಬಂದಾಯ್ತು!"

"ರೈಲು ಬಂದಿಲ್ಲ" ಎಂದರು ಕಾಮತರು. ಹೇಳಿದ ಮೇಲೆ ತಮಗೇ ನಾಚಿಕೆಯಾಯಿತು. "ಗಣಪಾ, ಇವತ್ತು ಸಾಕು, ನಡಿ" ಎಂದು ಅವನ ರಟ್ಟೆ ಹಿಡಿದೆಳೆದರು.

ಅದೇ ತಪ್ಪಾಯಿತು. ಗಣಪ ಕೂಗಲಿಲ್ಲ, ಅವರನ್ನು ಹೊಡೆಯಲಿಲ್ಲ. ಬೇಲಿಯ ಕಲ್ಲುಕಂಬಕ್ಕೆ ಹಣೆ ಬಡಿದುಕೊಳ್ಳತೊಡಗಿದ. ಒಂದು, ಎರಡು, ಮೂರು. ರಕ್ತ ಬಂತು. "ಕಟ್ಟಿಹಾಕ್ಬೇಕು ಮಾಮಾ, ಜೀಪಲ್ಲಿ ಹಗ್ಗ ಇದೆ" ಎಂದು ವಿನೋದ ತಿರುಗಿದ. ಅವನು ಕೆಟ್ಟವನಲ್ಲ, ಹೆದರಿದ್ದ. ಹೆದರಿದವರೆಲ್ಲ ಮೊದಲು ಹುಡುಕುವುದು ಹಗ್ಗವನ್ನೇ ಎಂದು ಕಾಮತರಿಗೆ ಆಗ ತಿಳಿಯಿತು. ತಾವು ಹಿಡಿದಿದ್ದ ರಟ್ಟೆ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಹಗ್ಗ ಮುಟ್ಟಿದರೆ ಜಾಗ್ರತೆ. ನೀನು ಹೋಗು. ವರದಿ ನನ್ನ ಚೀಲದಲ್ಲಿದೆ, ನೀನೇ ಓದು."

ಕೋಟು ಬಿಚ್ಚಿ ಬೇಲಿಗೆ ನೇತುಹಾಕಿ ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿಗೆ ಬಡಿತ ನಿಂತಿತು. ಗಣಪ ಹಳಿಯ ಕಡೆ ನೋಡಿದ, ಅವರೂ ನೋಡಿದರು. ಇಪ್ಪತ್ತು ವರ್ಷದಲ್ಲಿ ಅವರು ಇಷ್ಟು ಹೊತ್ತು ಏನೂ ಮಾಡದೆ ನಿಂತದ್ದೇ ಇಲ್ಲ. ಏಳಕ್ಕೆ ರೈಲು ಬಂತು. ಹಣೆಯ ರಕ್ತ ಒಣಗಿದ್ದರೂ ಗಣಪ ಕಿವಿ ಮುಚ್ಚಿಕೊಂಡು ಹಿಂದಿನ ದಿನದಷ್ಟೇ ನಕ್ಕ.

ಮರುದಿನ ಜೀಪು ಸೋಮಿಯನ್ನು ಕರೆತಂದಿತು. ಜೊತೆಗೆ ಅಧ್ಯಕ್ಷರು, ವಿನೋದ, ಬ್ಯಾನರು, ಕ್ಯಾಮೆರಾ. ಗಣಪ ಒಮ್ಮೆ ತಲೆ ಎತ್ತಿ ನೋಡಿ, ಸಾಲಿನ ನಾಲ್ಕು ಚಿಪ್ಪುಗಳನ್ನು ಬದಿಗೆ ಸರಿಸಿದ. ತಾಯಿ ಕೂರುವಷ್ಟು ಜಾಗವಾಯಿತು. ಸೋಮಿ ಅವನೆದುರು ಕೂತು, ಡಾಕ್ಟರು ಬೇಡವೆಂದಿದ್ದರೂ ಕಪ್ಪು ಕನ್ನಡಕ ತೆಗೆದಳು.

ಹಣೆಯ ಗಾಯದ ಬಗ್ಗೆ ಕೇಳುತ್ತಾಳೆಂದು ಕಾಮತರು ತಪ್ಪೊಪ್ಪಿಗೆ ಸಿದ್ಧ ಮಾಡಿಕೊಂಡಿದ್ದರು. ಸೋಮಿಯ ಕಣ್ಣು ಗಾಯಕ್ಕಿಂತ ಸ್ವಲ್ಪ ಮೇಲೆ ನಿಂತಿತ್ತು.

"ಒಡೆಯಾ, ಇವನ ತಲೆ ಯಾವಾಗ ಬೆಳ್ಳಗಾತು?"

ಗಣಪನ ಕಿವಿಯ ಮೇಲೆಲ್ಲ ಕೂದಲು ನೆರೆತು ವರ್ಷಗಳೇ ಆಗಿದ್ದವು. ಎರಡು ರಾತ್ರಿ ಜೊತೆಗಿದ್ದ ಕಾಮತರೂ ಅವನನ್ನು ಹುಡುಗ ಎಂದೇ ಎಣಿಸಿದ್ದರು.

"ನಾ ಹುಡುಗ ಅಂದ್ಕಂಡೇ ಗಂಜಿ ಹಾಕ್ತಿದ್ದೆ" ಎಂದಳು ಸೋಮಿ. "ನಂಗೆ ಅರವತ್ನಾಲ್ಕು. ಹತ್ತೊಂಬತ್ತಕ್ಕೆ ಇವನ್ನ ಹೆತ್ತದ್ದು. ಅಂದ್ರೆ ಇವಂಗೆ ನಲವತ್ತೈದು ಆತು." ಆ ಬಿಳಿ ಕೂದಲ ಕಡೆ ಕೈ ಚಾಚಿ, ಮುಟ್ಟಿದರೆ ಅವನಿಗಾಗದೆಂದು ಹಿಂದೆ ತೆಗೆದಳು. "ಅಳೂಕೂ ಇಲ್ಲ. ಡಾಕ್ಟ್ರು ಬ್ಯಾಡ ಅಂದೀರು. ಮೂರು ದಿನಕ್ಕೆ ನೀವು ಬಂದ್ರಿ ಒಡೆಯಾ. ನಾ ಹೋದ ಮೇಲೆ?"

ಅಧ್ಯಕ್ಷರು ಮೆಲ್ಲಗೆ, "ಫೋಟೋ..." ಎಂದರು.

"ಅದು ಆಮೇಲೆ" ಎಂದರು ಕಾಮತರು. ವಿನೋದನ ಕೈಯಲ್ಲಿದ್ದ ಬ್ಯಾನರು ಇಸಿದುಕೊಂಡು, ಅದರ ಖಾಲಿ ಬೆನ್ನನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿ, ಪೆನ್ನು ತೆಗೆದರು. ಸೋಮವಾರದಿಂದ ಭಾನುವಾರದವರೆಗೆ ವಾರದ ಹೆಸರು ಬರೆದರು. ಸೋಮವಾರದ ಎದುರು 'ಕೃಷ್ಣಾನಂದ'. "ಅವಳು ಇರುವಾಗಲೇ ಅವನಿಗೆ ನಮ್ಮ ಮುಖ ರೂಢಿಯಾಗ್ಬೇಕು. ಈಗಿನಿಂದ ಶುರು ಮಾಡಿದ್ರೆ ಆಗ್ತದೆ" ಎಂದರು. ರಾತ್ರಿ ಅಲ್ಲೇ ಉಳಿದಿದ್ದ ವನಮಾಲಾ ಜಗಲಿಯಿಂದಲೇ, "ಮಂಗಳವಾರ ನನ್ನ ಹೆಸರು ಬರೀರಿ" ಎಂದರು.

ಪೆನ್ನು ಬುಧವಾರದ ಮೇಲೆ ನಿಂತಿತು. ಅಲ್ಲಿ ನೋಡಲು ಫ್ಯಾನು ಇರಲಿಲ್ಲ. ಅಧ್ಯಕ್ಷರು ತೆಂಗಿನಮರ ನೋಡಿದರು. ವಿನೋದ ತನ್ನ ಕಾಲು ನೋಡಿಕೊಂಡ, ಆಮೇಲೆ ಗಣಪನ ಹಣೆ ನೋಡಿದ.

"ರೈಲು ಎಷ್ಟು ಗಂಟೆಗೆ ಅಂದ್ರಿ?" ಎಂದು ಕೇಳಿದ.

"ಐದಕ್ಕೆ" ಎಂದರು ಕಾಮತರು. "ತಡವಾದ್ರೆ ನಿಂತ್ಕೊಳ್ಬೇಕು."