ಆರುನೂರು ಬನ್ನು

ಬನ್ನಕ್ಕ ಆ ದಿನ ಬೇಯಿಸಿದ್ದು ಸರಿಯಾಗಿ ಆರುನೂರು ಬನ್ನು. ಇಪ್ಪತ್ತು ತಟ್ಟೆ, ತಟ್ಟೆಗೆ ಮೂವತ್ತು. ಬಡಾವಣೆಯಲ್ಲಿ ಮತದಾರರು ಸಾವಿರದ ಇನ್ನೂರು. ಇಲ್ಲಿನ ಸಣ್ಣ ಆಸ್ಪತ್ರೆ ಬೇಕೋ ಬೇಡವೋ ಎಂದು ಅವತ್ತು ಮತದಾನ. ಅರ್ಧದಷ್ಟಾದರೂ ಜನ ಬಂದು ಮತ ಹಾಕದಿದ್ದರೆ ಅದನ್ನು ಮುಚ್ಚುತ್ತೇವೆ ಎಂದು ನಗರಸಭೆಯವರು ಗೋಡೆಗೋಡೆಗೂ ಕಾಗದ ಅಂಟಿಸಿದ್ದರು. ಆಸ್ಪತ್ರೆ ಬೇಡ ಎನ್ನುವವರು ಯಾರೂ ಇರಲಿಲ್ಲ. ಅಂಥವನೊಬ್ಬ ಸಿಕ್ಕಿದ್ದರೆ ಬನ್ನಕ್ಕ ಲಟ್ಟಣಿಗೆಯಲ್ಲೇ ಮಾತಾಡಿಸುತ್ತಿದ್ದಳು. ಆದರೆ ಬೇಕು ಬೇಕು ಎಂದು ಜಗಲಿಯ ಮೇಲೆ ಕೂತು ತಲೆಯಾಡಿಸುವುದು ಸುಲಭ. ಎದ್ದು ಹೋಗಿ ಸಾಲಿನಲ್ಲಿ ನಿಲ್ಲು ಎಂದರೆ ನಮ್ಮ ಜನಕ್ಕೆ ಮೊಣಕಾಲು ನೋಯುತ್ತದೆ, ಒಲೆಯ ಮೇಲೆ ಹಾಲಿರುತ್ತದೆ.

ಆ ಆಸ್ಪತ್ರೆಯಲ್ಲಿ ರಕ್ತ ಶುದ್ಧ ಮಾಡುವ ಯಂತ್ರಗಳು ಎರಡಿದ್ದವು. ಅವುಗಳಲ್ಲೊಂದರ ಪಕ್ಕದ ಹಾಸಿಗೆಯಲ್ಲಿ ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಬನ್ನಕ್ಕನ ಗಂಡ ಮಲಗುತ್ತಿದ್ದ. ಹೋದ ವರ್ಷ ಯಂತ್ರ ಕೆಟ್ಟಾಗ ಎರಡು ಬಸ್ಸು ಬದಲಿಸಿ ದೊಡ್ಡಾಸ್ಪತ್ರೆಗೆ ಹೋಗಿಬರಬೇಕಾಗಿತ್ತು. ನಾಲ್ಕನೆಯ ಸಲ ವಾಪಸು ಬರುವಾಗ ಅವನು ಬಸ್ಸಿನಲ್ಲೇ ಕುಸಿದುಬಿದ್ದ. ಬನ್ನಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ನೆಲದಲ್ಲಿ ಕೂತಿದ್ದಳು, ಜನ ದಾಟಿಕೊಂಡು ಇಳಿಯುತ್ತಿದ್ದರು. ಇನ್ನೊಂದು ಸಲ ಹಾಗಾದರೆ ಇವನನ್ನು ಜೀವಸಹಿತ ಮನೆಗೆ ತರಲಾರೆ ಎಂದು ಅವಳಿಗೆ ಅವತ್ತೇ ಗೊತ್ತಾಗಿಹೋಗಿತ್ತು.

ಅದಕ್ಕೇ ತನ್ನ ಬನ್ನಿನ ಅಂಗಡಿಯ ಮುಂದೆ ಹಲಗೆ ತೂಗುಹಾಕಿದಳು. 'ಮತ ಹಾಕಿ, ಬೆರಳಿನ ಮಸಿ ತೋರಿಸಿ, ಬನ್ನು ತಿನ್ನಿ. ಗಂಡ ಹೆಂಡತಿ ಜೊತೆಯಾಗಿ ಬಂದರೆ ಮಧ್ಯೆ ಜಾಮ್. ಅತ್ತೆಯನ್ನೂ ಕರೆತಂದ ಸೊಸೆಗೆ ಬೆಣ್ಣೆ.' ಇದನ್ನು ಓದಿ ಬೀದಿಯೇ ನಕ್ಕಿತು. ಮೂರು ವರ್ಷದಿಂದ ಮಾತು ಬಿಟ್ಟಿದ್ದ ಒಂದು ಅತ್ತೆ-ಸೊಸೆ ಜೋಡಿ ಬೆಣ್ಣೆಯ ಆಸೆಗೆ ಕೈಹಿಡಿದುಕೊಂಡು ಬಂದಿತು ಎಂದರೆ ನೋಡಿ.

ಬೆಳಿಗ್ಗೆ ಮೊದಲ ಬನ್ನು ತಿಂದವನು ಮಾತ್ರ ಅವಳ ಗಂಡನೇ. ಅವನು ಬೀದಿ ಕೊನೆಯ ಬಣ್ಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಟ್ಟೆ ಅದ್ದಿದವನು. ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಉಗುರಿನ ಸಂದಿಯ ನೀಲಿ ಹೋಗಿರಲಿಲ್ಲ. ಪಾಳಿಗೆ ಹೊರಟಿದ್ದ ಹಳೆಯ ಜೊತೆಗಾರರ ಮುಂದೆ ಅವನು ಎಡಗೈ ಬೆರಳನ್ನು ಹೆಂಡತಿಯ ಮೂಗಿನವರೆಗೂ ಚಾಚಿದ.

"ಅಕ್ಕಾ, ನಂದೂ ಮಸಿ ಬಿದ್ದಿದೆ ನೋಡಿ. ಒಂದು ಬನ್ನು ಕೊಡಿ."

ಎಲ್ಲರೂ ಗೊಳ್ಳೆಂದು ನಕ್ಕರು. ಕಟ್ಟಿಕೊಂಡ ಗಂಡ ಅಕ್ಕಾ ಎಂದದ್ದಕ್ಕೆ ಬನ್ನಕ್ಕನಿಗೂ ನಗು ತಡೆಯಲಿಲ್ಲ.

"ತಗೊಳ್ಳಿ, ನಿಮ್ಮ ಬಾಯಿಗಿಷ್ಟು. ತಿಂದ್ಮೇಲಾದ್ರೂ ಹೋಗಿ ಹಾಕ್ರೀ."

"ಆಸ್ಪತ್ರೆ ಮುಗಿಸ್ಕೊಂಡು ಹಾಕ್ತೀನಿ ಕಣೇ. ಎಲ್ಲಿ ಓಡಿಹೋಗುತ್ತೆ?"

ಆಮೇಲೆ ಬೆರಳುಗಳ ಮೇಲೆ ಬೆರಳುಗಳು ಬಂದವು. ಅವಳು ತಲೆಯೆತ್ತದೆ ಕೊಡುತ್ತಲೇ ಹೋದಳು. ಮೂರೂವರೆಗೆ ಕೊನೆಯ ತಟ್ಟೆಯಲ್ಲಿ ಒಂದೇ ಉಳಿಯಿತು. ಅದು ತನ್ನದು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಮತ ಹಾಕಿ ಬಂದಿದ್ದಳಲ್ಲ! ಅದರ ಮೇಲೆ ಬಟ್ಟೆ ಮುಚ್ಚಿ, ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಎರಡು ನಿಮಿಷ ಅತ್ತಳು. ಆರುನೂರು ಆಯಿತು. ಗಂಡನ ಜೀವ ಉಳಿಯಿತು. ಮುಖ ತೊಳೆದು, ಕಣ್ಣಾರೆ ನೋಡಿ ಬರೋಣವೆಂದು ಮತಗಟ್ಟೆಯಿದ್ದ ಶಾಲೆಗೆ ಹೋದಳು.

ಗೇಟಿನ ಪಕ್ಕದ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದಿತ್ತು: ಮತ ಹಾಕಿದವರು, ೪೧೨.

ಅವಳು ಎರಡೆರಡು ಸಲ ಓದಿದಳು. ಬಾಗಿಲಲ್ಲಿದ್ದ ಪೊಲೀಸಿನವನನ್ನು ಕೇಳಿದಳು. ಅವನು ಆಕಳಿಸುತ್ತಾ, "ಈಗಷ್ಟೇ ಬರೆದದ್ದಮ್ಮಾ" ಎಂದ. ಮಿಕ್ಕ ಬನ್ನು ತಿಂದವರು ಯಾರು? ಆಗ ಗಂಡನ ಬೆರಳು ಕಣ್ಣಮುಂದೆ ಬಂತು, ಅದರ ಹಿಂದೆ ನಿಂತು ನಕ್ಕವರ ಬೆರಳುಗಳು ಬಂದವು. ಈ ತಿಂಗಳು ಕಾರ್ಖಾನೆಯಲ್ಲಿ ಸಮವಸ್ತ್ರದ ಬಟ್ಟೆ, ಬರೀ ನೀಲಿ. ಬೇರೆ ಊರಿನ ಯಾವ ಹೆಡ್ಡಿಯಾದರೂ ಇಡೀ ಕೈ ನೀಲಿಯಿದ್ದರೆ ಏನಪ್ಪಾ ಇದು ಎಂದು ಕೇಳುತ್ತಿದ್ದಳು. ಬನ್ನಕ್ಕ ಮೂವತ್ತು ವರ್ಷ ನೀಲಿ ಅಂಗಿ ಒಗೆದವಳು, ನೀಲಿ ಕೈಗೆ ಊಟ ಬಡಿಸಿದವಳು. ಅವಳ ಕಣ್ಣಿಗೆ ಅದು ಬಣ್ಣವಾಗಿ ಬೀಳುವುದೇ ನಿಂತುಹೋಗಿತ್ತು. ಮಸಿ ತೋರಿಸಿ ಎಂದು ಬಣ್ಣದವರ ಬೀದಿಯಲ್ಲಿ ಹಲಗೆ ತೂಗುಹಾಕಿದ್ದಳು ಮಹಾತಾಯಿ!

ಚಪ್ಪಲಿ ಕಿತ್ತುಹೋದರೂ ನಿಲ್ಲದೆ ಓಡಿದಳು. ಕಾರ್ಖಾನೆಯ ಹಬೆಯೊಳಗೆ ನುಗ್ಗಿ ಮೇಸ್ತ್ರಿಯ ಮುಂದೆ ನಿಂತಳು.

"ಯಾಕಕ್ಕಾ, ಏನಾಯ್ತು?"

"ಬನ್ನು ತಿಂದ್ರಲ್ಲಪ್ಪಾ. ಮತ ಯಾರು ಹಾಕಿದ್ರಿ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಅಣ್ಣ ಬೆಳಿಗ್ಗೆ ಹಂಗೇ ತಗೊಂಡ್ನಲ್ಲ... ನಾವೂ ತಮಾಷೆಗೆ ಅಂತ... ಪಾಳಿ ಮುಗಿದ್ಮೇಲೆ ಹೋಗೋಣ ಅಂತಿದ್ವಿ ಅಕ್ಕಾ."

"ಪಾಳಿ ಮುಗಿಯೋದು ಆರಕ್ಕೆ. ಬಾಗಿಲು ಹಾಕೋದು ಐದಕ್ಕೆ!" ಬೈಯಬೇಕೆಂದೇ ಬಂದಿದ್ದವಳು ಒದ್ದೆ ನೆಲದಲ್ಲಿ ಕುಸಿದು ಕೂತು ಕೈಮುಗಿದಳು. "ನಿಮ್ಮಣ್ಣ ಸತ್ತೋಗ್ತಾರೆ ಕಣ್ರೋ. ಬಸ್ಸಲ್ಲೇ ಸತ್ತೋಗ್ತಾರೆ. ಎದ್ದು ಬನ್ರೋ."

ಮೇಸ್ತ್ರಿ ಹೋಗಿ ಯಂತ್ರ ನಿಲ್ಲಿಸುವ ಗುಂಡಿ ಒತ್ತಿದ. ಧಣಿ ನಾಳೆ ಏನೆನ್ನುತ್ತಾನೋ ಎಂದು ಯಾರೂ ಕೇಳಲಿಲ್ಲ. ಬಾಯ್ಲರಿನ ಏಳು ಜನ ಮಾತ್ರ, ಉರಿ ಆರಿಸದೆ ಬಿಟ್ಟು ಬಂದರೆ ಸಿಡಿಯುತ್ತದೆ, ಆರಿಸಿ ಹಿಂದೆಯೇ ಬರುತ್ತೇವೆ ಎಂದರು. ಮಿಕ್ಕವರೆಲ್ಲ ಕೈ ಒರೆಸಿಕೊಂಡು ಹೊರಟರು.

ಮತಗಟ್ಟೆಯ ಅಧಿಕಾರಿ ಮೊದಲನೆಯವನ ಬೆರಳು ನೋಡಿದ, ಎರಡನೆಯವನದು ನೋಡಿದ, ಪೆನ್ನು ಕೆಳಗಿಟ್ಟ.

"ಇವರದೆಲ್ಲ ಆಗಲೇ ಆಗಿದೆ."

"ಅದು ಬಣ್ಣ ಸ್ವಾಮಿ!"

"ಯಾವುದು ಬಣ್ಣ, ಯಾವುದು ಮಸಿ ಅಂತ ನಾನು ಹೇಗೆ ಹೇಳಲಮ್ಮಾ? ಬೆರಳು ಸ್ವಚ್ಛ ಇದ್ದರೆ ಬಿಡ್ತೀನಿ. ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತೆ."

ಹಿಂದೆಲ್ಲ ಚುನಾವಣೆಗೆ ರಜೆ ಇರುತ್ತಿತ್ತು, ಎರಡು ದಿನ ತಿಕ್ಕಿ ತೊಳೆದು ಬರುತ್ತಿದ್ದರು. ಈ ಮತದಾನಕ್ಕೆ ರಜೆಯಿಲ್ಲ, ಈಗ ಉಳಿದಿದ್ದು ಐವತ್ತು ನಿಮಿಷ. ಮೇಸ್ತ್ರಿ ಸೈಕಲ್ಲೇರಿ ಹೋಗಿ ಬಟ್ಟೆಯ ಬಣ್ಣ ತೆಗೆಯುವ ಬ್ಲೀಚಿಂಗ್ ಪುಡಿ ತಂದ. ಬನ್ನಕ್ಕ ಶಾಲೆಯ ನಲ್ಲಿಯ ಕೆಳಗೆ ಬಕೆಟ್ಟಿಟ್ಟು, ಒಬ್ಬೊಬ್ಬರ ಎಡಗೈ ತೋರುಬೆರಳನ್ನೂ ತಾನೇ ಹಿಡಿದು ತಿಕ್ಕಿದಳು. ಇಪ್ಪತ್ತು ಬೆರಳಾಗುವಷ್ಟರಲ್ಲಿ ಅವಳ ಅಂಗೈ ಉರಿಯತೊಡಗಿತು, ಅರವತ್ತಕ್ಕೆ ಚರ್ಮ ಸುಲಿಯಿತು. ಬಕೆಟ್ಟಿನೊಳಗೆ ಕೈಯಿಡುವಾಗೆಲ್ಲ ಅವಳು ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ಐದಕ್ಕೆ ಹತ್ತು ನಿಮಿಷವಿರುವಾಗ ಅವಳ ಮುಂದೊಂದು ಬೆರಳು ಬಂತು. ಮೊಣಕೈಯ ಮೇಲೆ ಹತ್ತಿ, ಪಟ್ಟಿ. ಯಂತ್ರದಿಂದ ಎದ್ದವನು ವಿಶ್ರಾಂತಿಗೂ ನಿಲ್ಲದೆ ನಡೆದುಬಂದಿದ್ದ.

"ನರ್ಸಮ್ಮ ಮತ ಹಾಕಿ ಬಂದು ಹೇಳಿದ್ರು. ನಾನು ಮಾಡಿದ ತಮಾಷೆಯಿಂದ ಅಂತೆ, ಹೌದಾ?"

"ಸುಮ್ನಿರ್ರೀ." ಅವಳು ಅವನ ಬೆರಳು ತಿಕ್ಕಿದಳು. ಉಗುರಿನ ಸಂದಿಯದು ಹೋಗಲಿಲ್ಲ. ಬೆರಳಂತೂ ಬಿಳುಪಾಯಿತು.

ಅವನು ಸಾಲಿನ ಕೊನೆಗೆ ಹೋಗಿ ಗೋಡೆಗೊರಗಿ ನಿಂತ. ಐದಕ್ಕೆ ಸಾಲಿನಲ್ಲಿದ್ದವರಿಗೆಲ್ಲ ಚೀಟಿ, ಕೊನೆಯವನ ಹಿಂದೆ ಬಂದವರಿಗೆ ಇಲ್ಲ. ಅದು ಗೊತ್ತಿದ್ದೇ ಅವನು ತೊಳೆಸಿಕೊಂಡು ಬಂದವರನ್ನೆಲ್ಲ, "ನೀನು ಮುಂದೆ ಹೋಗಪ್ಪಾ" ಎಂದು ದಾಟಿಸುತ್ತಾ ತಾನು ಕೊನೆಯವನಾಗಿಯೇ ಉಳಿದ. ಗಂಟೆ ಬಾರಿಸಿತು. ಅವನ ಕೈಗೆ ಕೊನೆಯ ಚೀಟಿ ಬಿತ್ತು, ಗೇಟು ಮುಚ್ಚಿತು. ಅವನು ಒಳಗೆ ಹೋದ ಹೊತ್ತಿಗೆ ಬಾಯ್ಲರಿನ ಏಳು ಜನ ಏದುಸಿರು ಬಿಡುತ್ತಾ ಓಡಿಬಂದು ಗೇಟಿನ ಸರಳು ಹಿಡಿದು ನಿಂತರು. ಪೊಲೀಸಿನವನು ಕೈಚೆಲ್ಲಿದ. ಬನ್ನಕ್ಕ ಅವನ ಕಾಲು ಹಿಡಿಯಲು ಬಗ್ಗಿದಳು, ಅವನು ಹಿಂದೆ ಸರಿದು, "ನನ್ನ ಕೈಲಿ ಏನಿದೆಯಮ್ಮಾ?" ಎಂದ.

ಮತ ಹಾಕಿ ಹೊರಬಂದ ಗಂಡನನ್ನು ಇಬ್ಬರು ಹಿತ್ತಲ ಬಾಗಿಲಿನಿಂದ ಅಂಗಡಿಗೆ ಕರೆದೊಯ್ದರು. ಹಲಗೆಯ ಲೆಕ್ಕಕ್ಕಾಗಿ ಬನ್ನಕ್ಕ, ಮೇಸ್ತ್ರಿ ಉಳಿದರು. ಅಧಿಕಾರಿ ತಾನೇ ಬಂದು ಒರೆಸಿ ಬರೆದ: ೫೯೪.

ಮೇಸ್ತ್ರಿ ತಲೆಯ ಮೇಲೆ ಕೈಹೊತ್ತು ಕೂತ. "ಅಕ್ಕಾ, ನಾನು ಹೋಗಿ ಅಣ್ಣನಿಗೆ..."

"ಯಾರೂ ಏನೂ ಹೇಳ್ಬೇಡಿ. ನಿಮಗೆ ನನ್ನಾಣೆ."

ಅಂಗಡಿಯಲ್ಲಿ ಗಂಡ ಹಿಟ್ಟಿನ ಮೂಟೆಗೆ ಒರಗಿ ಕೂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ಅವಳು ಒಳಗೆ ಬರುವುದಕ್ಕೂ ಪುರುಸೊತ್ತು ಕೊಡದೆ ಕೇಳಿದ:

"ಎಷ್ಟಾಯ್ತು?"

ಅವಳು ಸುಲಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಆರುನೂರು."

"ಸರಿಯಾಗಿ ಆರುನೂರಾ?"

"ಸರಿಯಾಗಿ. ನಿಮ್ಮದೇ ಕೊನೇದು."

ಅವನು ಕಣ್ಣುಮುಚ್ಚಿ ಉಸಿರು ಬಿಟ್ಟ. "ಸದ್ಯ. ಬೆಳಿಗ್ಗೆ ಆ ಹಾಳು ತಮಾಷೆ ಮಾಡದೆ ಇದ್ದಿದ್ರೆ ಅಂತ ದಾರಿಯುದ್ದಕ್ಕೂ ಎದೆ ಬಡ್ಕೋತಿತ್ತು ಕಣೇ. ನನ್ನ ಕೈಯಾರೆ ನಾನೇ ಹಾಳು ಮಾಡ್ಕೊಂಡ್ನಲ್ಲ ಅಂತ." ಆಮೇಲೆ ಕಣ್ಣು ಬಿಟ್ಟು, ಬಿಳಿಚಿದ ಬೆರಳಿನ ಮೇಲೆ ಈಗ ತಾನೇ ಎಳೆದ ಹಸಿ ಮಸಿಯ ಗೆರೆಯನ್ನು ಅವಳ ಮೂಗಿನವರೆಗೂ ಚಾಚಿದ. "ಅಕ್ಕಾ, ಈ ಸಲ ನಿಜವಾದ್ದು. ಬನ್ನಿದೆಯಾ?"

ಅವಳು ಬಟ್ಟೆ ಸರಿಸಿ, ತನಗೆಂದು ಇಟ್ಟುಕೊಂಡಿದ್ದ ಬನ್ನು ತೆಗೆದುಕೊಟ್ಟಳು. ಅವನು ಅದನ್ನು ಮುರಿದು ಅರ್ಧವನ್ನು ಅವಳ ಬಾಯಿಗಿಟ್ಟ. ಆಸ್ಪತ್ರೆಯ ಗೇಟಿಗೆ ಮುಚ್ಚಿದೆ ಎಂಬ ಕಾಗದ ಅಂಟಿಸುವುದು ಗುರುವಾರ. ಅವನು ಮತ್ತೆ ಅಲ್ಲಿಗೆ ಹೋಗಬೇಕಾದದ್ದೂ ಗುರುವಾರವೇ. ಬನ್ನಕ್ಕ ಬಾಯಲ್ಲಿದ್ದುದನ್ನು ಅಗಿಯುತ್ತಲೇ ಇದ್ದಳು.