ಬಚ್ಚಲಮನೆಯ ಫಿಟ್ಟರ್

ಸೂಜಿಯಿಂದ ಸೈಕಲ್ಲಿನವರೆಗೆ ಎಲ್ಲವನ್ನೂ ಹಡಗಿನಲ್ಲಿ ತರಿಸಿಕೊಂಡು ಕೈಕಟ್ಟಿ ಕೂತಿದ್ದ ದೇಶಕ್ಕೆ ಇಪ್ಪತ್ತೆರಡು ವರ್ಷಗಳ ಮೇಲೆ ಬುದ್ಧಿ ಬಂತು. ಹೊಲಿಗೆಯಂತ್ರದ ಕಾರ್ಖಾನೆಯ ಬೀಗ ತೆಗೆದರು. ಹಳೆಯ ಫಿಟ್ಟರನ್ನು ಹುಡುಕಿ ತಂದು ತಪಾಸಣೆಯ ಮೇಜಿಗೆ ಕೂರಿಸಿದರು. ಎಂಟು ವರ್ಷ ಊರವರ ಬಟ್ಟೆಗೆ ತೇಪೆ ಹಾಕಿದ್ದ ಅವರ ಸೊಸೆಗೆ ಆ ಯಂತ್ರವನ್ನೇ ಮಾಡುವ ಆಸೆ. ನಾಲ್ಕು ತಿಂಗಳು ಮಾವನೇ ಲೋಹ ಉಜ್ಜುವ ಅರ ಹಿಡಿಯುವುದನ್ನು ಕಲಿಸಿದರು. ಅಡುಗೆಮನೆಯಲ್ಲಿ ಕಬ್ಬಿಣದ ಪುಡಿ ಉದುರಿದರೆ ಊಟವಿಲ್ಲ ಎಂದು ಅತ್ತೆ ಗದರಿದ್ದರಿಂದ ಪಾಠಶಾಲೆ ಬಚ್ಚಲಿಗೆ ಹೋಗಿತ್ತು.

ಇಂದು ಅವಳ ಪರೀಕ್ಷೆ. ಮನೆಯಲ್ಲೇ ಮಾಡಿ ತಂದ, ಸೂಜಿಯ ಕೆಳಗೆ ಕೂರುವ ಉಕ್ಕಿನ ಪಟ್ಟಿ, ಹತ್ತು. ಎಂಟು ಪಾಸಾಗದಿದ್ದರೆ ಕೆಲಸವಿಲ್ಲ. ತಟ್ಟೆಯ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಆದರೆ ಮನೆಯವಳ ಕೈ ಮಾವನಿಗೆ ಗೊತ್ತಾಗದೆ ಇರುತ್ತದೆಯೇ?

ಅಂಚು ನೆಟ್ಟಗಿದೆಯೇ ಎಂದು ಮೊದಲ ಪಟ್ಟಿಗೆ ಮೂಲೆಮಟ್ಟ ಇಟ್ಟು ಕಿಟಕಿಗೆ ಹಿಡಿದರು. ಅಂಚಿನಲ್ಲಿ ಬೆಳಕು ನುಸುಳಿತು. ಎರಡನೆಯದೂ ಅಷ್ಟೇ. ಹತ್ತೂ ಹೋದವು. ಒಂದು ಗಳಿಗೆ ಅವರ ಮನಸ್ಸು ಜಾರಿತು. ಪಾಸು ಮಾಡಿದರೆ ಕೇಳುವವರು ಯಾರು? ಆದರೆ ಓರೆ ಪಟ್ಟಿಯ ಯಂತ್ರ ಕೊಂಡ ದರ್ಜಿ ಮತ್ತೆ ಹಡಗಿನ ದಾರಿಯನ್ನೇ ನೋಡುತ್ತಾನೆ. ಹತ್ತನ್ನೂ ಸಾಲಾಗಿ ಇಟ್ಟು ಇನ್ನೊಮ್ಮೆ ನೋಡಿದರು. ಆಮೇಲೆ ಎದ್ದು ಇಂಜಿನಿಯರ್ ಮೇಡಂ ಹತ್ತಿರ ಹೋದರು.

"ಹತ್ತೂ ಫೇಲು ಮೇಡಂ. ತಪ್ಪು ನೆಲದ್ದು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನಿಜವಾಗ್ಲೂ ಡೊಂಕು. ನಮ್ಮನೆ ಬಚ್ಚಲು, ನೀರು ಹೋಗ್ಲಿ ಅಂತ ಓರೆ ಮಾಡಿರೋದು. ಮೇಜಿನ ಕಾಲಿಗೆ ಹೆಂಚಿನ ಚೂರು ಕೊಟ್ಟು ಮಟ್ಟ ಮಾಡಿದೆ, ನಿಂತವಳ ಕಾಲಿಗೆ ಕೊಡ್ಲಿಲ್ಲ. ಹತ್ತರಲ್ಲೂ ಒಂದೇ ಓರೆ, ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಇಂಥಾ ಕೈ ಹುಡುಕಿದ್ರೂ ಸಿಗಲ್ಲ. ಕಲಿಸಿದವನನ್ನ ಮನೆಗೆ ಕಳ್ಸಿ, ಕಲಿತವಳನ್ನ ಇಟ್ಕೊಳ್ಳಿ."

ಮೇಡಂ ಪಟ್ಟಿಗಳನ್ನು ತಾವೇ ಅಳೆದು ನೋಡಿದರು. "ಇಬ್ರೂ ಇಲ್ಲೇ ಸಮ ನೆಲದಲ್ಲಿ ನಿಂತು ಒಂದೊಂದು ಮಾಡಿ. ಆಮೇಲೆ ಮಾತು."

ಮಧ್ಯಾಹ್ನವೆಲ್ಲ ಇಬ್ಬರೂ ಅಕ್ಕಪಕ್ಕ ನಿಂತು ಅರ ಆಡಿಸಿದರು. ಸೊಸೆಯ ಮುಖ ಊದಿಕೊಂಡಿತ್ತು. "ನೀವೇ ಫೇಲ್ ಮಾಡಿದ್ರಂತೆ" ಎಂದಳು, ಅಷ್ಟೇ. ಮಾವ ತಲೆ ಎತ್ತದೆ ಅರ ಆಡಿಸುತ್ತಲೇ ಇದ್ದರು.

ನಾಲ್ಕು ಗಂಟೆಗೆ ಮೇಡಂ ಅವಳ ಪಟ್ಟಿಯನ್ನು ಕಿಟಕಿಗೆ ಹಿಡಿದರು. ಎಳೆಯಷ್ಟೂ ಬೆಳಕು ಬರಲಿಲ್ಲ. "ನಾಳೆಯಿಂದ ಬಾಮ್ಮ" ಎಂದರು. ಮಾವನ ಪಟ್ಟಿಯನ್ನು ಸೊಸೆಯೇ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ನಡೆಯಲ್ಲ ಮಾವ" ಎಂದು ಅದನ್ನು ಗುಜರಿ ತಟ್ಟೆಗೆ ಹಾಕಿದಳು. "ಇನ್ನೂ ಬಚ್ಚಲಲ್ಲೇ ನಿಂತ ಹಾಗೆ ಮೊಣಕೈ ಎತ್ತಿ ಹಿಡಿದಿದೀರ. ಬನ್ನಿ ಇಲ್ಲಿ, ತೋರಿಸ್ತೀನಿ."

ಮಾವನ ಕಣ್ಣು ತುಂಬಿ ಬಂತು. ವಿಧೇಯ ವಿದ್ಯಾರ್ಥಿಯಾಗಿ ಹೋಗಿ ಅವಳ ಪಕ್ಕ ನಿಂತರು.