ಸೇತುವೆಯಾಚೆಯ ಕಾಗದ

ಮೂರು ವರ್ಷ ಮುಗಿಯಲು ಇನ್ನು ಹನ್ನೊಂದೇ ದಿನ ಉಳಿದಿದ್ದಾಗ ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ. ಯಾರನ್ನೂ ದೂರುವಂತಿಲ್ಲ.

ಕುಡಿದು ಗಾಡಿ ಓಡಿಸಿದವಳು ನಾನು. ಬ್ಲೇರ್ ಊರಾಚೆಯ ತಿರುವಿನಲ್ಲಿ ಕಾರು ಚರಂಡಿಗೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಮಗಳು ಮರ್ಲಿಯ ಬಲಗೈ ಮುರಿಯಿತು. ಒಳಗೆ ಇವತ್ತಿಗೂ ಉಕ್ಕಿನ ಪಟ್ಟಿ ಇದೆ. ನೆಬ್ರಾಸ್ಕಾ ಸರ್ಕಾರ ಲೈಸೆನ್ಸ್ ಕಿತ್ತುಕೊಂಡಿತು. ವಾಪಸ್ ಕೊಡುವಾಗ ಷರತ್ತು ಹಾಕಿತು: ಈಕೆಗೆ ವಿಮೆ ಇದೆ ಎಂದು ವಿಮಾ ಕಂಪನಿಯೇ ಸರ್ಕಾರಕ್ಕೆ ಬರೆದುಕೊಡಬೇಕು, ಮೂರು ವರ್ಷ, ಒಂದು ದಿನವೂ ತಪ್ಪದಂತೆ. ಆ ಕಾಗದಕ್ಕೆ, ಅದರ ನಮೂನೆಯ ಸಂಖ್ಯೆ ಹಿಡಿದು, ನಮ್ಮ ಕಡೆ ‘ಇಪ್ಪತ್ತೆರಡು’ ಅನ್ನುತ್ತಾರೆ. ನಡುವೆ ಒಂದು ದಿನ ತಪ್ಪಿದರೂ ಲೈಸೆನ್ಸ್ ಹೋಯಿತು, ಲೆಕ್ಕ ಮತ್ತೆ ಮೊದಲಿಂದ.

ಒಂದೇ ಮನೆಯಲ್ಲಿದ್ದರೂ ಮರ್ಲಿ ಅವತ್ತಿನಿಂದ ನನ್ನ ಕಾರು ಹತ್ತಿಲ್ಲ. ಹಿಮ ಬೀಳಲಿ, ಗಾಳಿ ಬೀಸಲಿ, ನಡೆದೇ ಕೆಲಸಕ್ಕೆ ಹೋಗುತ್ತಾಳೆ. “ಮೂರು ವರ್ಷ ಪೂರ್ತಿ ಆಗ್ಲಿ ಅಮ್ಮ. ಆ ಕಾಗದ ಮುಗಿದ ದಿನ ಹತ್ತುತೀನಿ,” ಅಂದಿದ್ದಳು. ಆ ಒಂದು ಮಾತು ಹಿಡಿದುಕೊಂಡೇ ನಾನು ಬದುಕಿದ್ದೆ.

ನನ್ನ ಇಪ್ಪತ್ತೆರಡನ್ನು ಕಳಿಸುತ್ತಿದ್ದವರು ಬ್ಲೇರ್‌ನ ಏಜೆಂಟ್ ಮೈಲೋ ವೊಂಡ್ರಾ. ನಮ್ಮದೇ ಚರ್ಚಿನ ಹಿರಿಯರು. ಮರ್ಲಿ ಆಸ್ಪತ್ರೆಯಲ್ಲಿದ್ದಾಗ ಅವಳ ಹಾಸಿಗೆಯ ಪಕ್ಕ ರಾತ್ರಿಯೆಲ್ಲ ಕೂತಿದ್ದವರು. ಅವರ ಮುಖ ನೋಡಲಾರದೆ ನಾನು ಮಿಸ್ಸೂರಿ ಹೊಳೆ ದಾಟಿ ಪಕ್ಕದ ರಾಜ್ಯ ಐಯೋವಾದ ಕಡೆ ಬಾಡಿಗೆ ಮನೆ ಹಿಡಿದೆ, ಕಂತು ಅಂಚೆಯಲ್ಲೇ ಕಳಿಸಿದೆ. ಈ ಸಲ ವಿಮೆ ನವೀಕರಿಸುವ ಹೊತ್ತಿಗೆ ಅವರ ಚೀಟಿ ಬಂತು: ‘ಖುದ್ದಾಗಿ ಬಂದು ಸಹಿ ಹಾಕು.’

ಫೋನಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಕೆಲಸಕ್ಕೆ ಈ ಮುದುಕನ ಎದುರು ಯಾಕೆ ತಲೆ ತಗ್ಗಿಸಲಿ ಅನ್ನಿಸಿತು. ಬುಧವಾರ ಆನ್‌ಲೈನ್ ಕಂಪನಿಯೊಂದರ ಫಾರ್ಮ್ ತುಂಬಿದೆ. ವಿಳಾಸ ಕೇಳಿತು, ಕೊಟ್ಟೆ. ಇಪ್ಪತ್ತೆರಡು ಬೇಕೇ ಎಂದು ಕೇಳಿತು, ಹೌದು ಅಂದೆ. ಹಸಿರು ಗುರುತು ಬಂತು. ಹಳೆಯದು ಬೇಡ ಎಂದು ಮೈಲೋಗೆ ಎರಡು ಸಾಲು ಬರೆದು ಕೈತೊಳೆದುಕೊಂಡೆ.

ಶುಕ್ರವಾರ ಮಧ್ಯಾಹ್ನ. ನಾನು ಆರೈಕೆ ಮಾಡುವ ಅಜ್ಜಿಗೆ ಸೂಪು ಕುಡಿಸಿ, ಫೋನಿನಲ್ಲಿ ಆ ಕಾಗದದ ಪ್ರತಿ ತೆಗೆದು ನೋಡಿದೆ. ಮೇಲ್ಗಡೆ ದಪ್ಪಕ್ಷರದಲ್ಲಿ ‘ಐಯೋವಾ ರಾಜ್ಯಕ್ಕೆ ಸಲ್ಲಿಸಲಾಗಿದೆ’ ಎಂದಿತ್ತು. ಕಾಗದ ಕೇಳಿದ್ದು ನೆಬ್ರಾಸ್ಕಾ! ನಾನಿರುವ ಮನೆ ನೋಡಿ ಫಾರ್ಮು ಹೊಳೆಯ ಈಚೆಗೇ ಕಳಿಸಿಬಿಟ್ಟಿತ್ತು. ಹಳೆ ವಿಮೆ ಅವತ್ತು ಮಧ್ಯರಾತ್ರಿಗೆ ಮುಗಿಯುತ್ತಿತ್ತು.

ಆನ್‌ಲೈನ್ ಕಂಪನಿಗೆ ಬರೆದೆ. ‘ನಿಮ್ಮ ಸಲ್ಲಿಕೆ ಯಶಸ್ವಿಯಾಗಿದೆ!’ ಎಂದು ಉತ್ತರ. ಮತ್ತೆ ಬರೆದೆ. ಮತ್ತೆ ಅದೇ. ನಿನ್ನ ಯಶಸ್ಸಿಗಿಷ್ಟು ಬೆಂಕಿ ಹಾಕ! ಅಜ್ಜಿಯ ಮಗಳು ಬಂದ ಕೂಡಲೇ ಕಾರು ಹತ್ತಿ ಸೇತುವೆ ದಾಟಿದೆ.

ಮೈಲೋ ಕೋಟು ಹಾಕಿಕೊಂಡು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಶುಕ್ರವಾರ ಚರ್ಚಿನಲ್ಲಿ ಮೀನೂಟ, ಹುರಿಯುವವರು ಅವರೇ.

“ಏನಮ್ಮ ಲವೋನ್, ದಾರಿ ತಪ್ಪಿ ಬಂದ್ಯಾ?” ಅಂದರು.

ಎಲ್ಲ ಒದರಿದೆ. ಅವರು ತಲೆ ಕೆರೆದುಕೊಂಡರು. “ಹೊಳೆ ದಾಟಿದ ಮೇಲೆ ಅಂಬಿಗನನ್ನ ಮರೀತಾರೆ ಅಂತ ಕೇಳಿದ್ದೆ. ನೀನು ನಡುನೀರಲ್ಲೇ ದಬ್ಬಿದ್ಯಲ್ಲೇ! ಈಗ ನಾಲ್ಕು ಗಂಟೆ. ಸೋಮವಾರ ನೋಡೋಣ, ಹೋಗು.”

“ಸೋಮವಾರ ಅಂದ್ರೆ ಮತ್ತೆ ಮೂರು ವರ್ಷ. ನಾನು ಹೋಗಲ್ಲ ಮೈಲೋ. ನನ್ನನ್ನ ಒಳಗಿಟ್ಟೇ ಬೀಗ ಹಾಕಿ ಬೇಕಾದ್ರೆ.”

“ಮೀನು?”

“ಮೀನು ಹಾಳಾಗಿ ಹೋಗ್ಲಿ!”

ಅವರು ಮತ್ತೆ ಬಾಗಿಲು ತೆಗೆದರು. ಮಧ್ಯರಾತ್ರಿಯೊಳಗೆ ಸಹಿ ಬಿದ್ದರೆ ಹಳೆಯದನ್ನೇ ಮುಂದುವರಿಸಬಹುದಂತೆ. ಅವರ ಕಂಪ್ಯೂಟರ್ ಎದ್ದೇಳಲು ಹತ್ತು ನಿಮಿಷ ತೆಗೆದುಕೊಂಡಿತು. ನಾನು ಕುರ್ಚಿಯ ತುದಿಯಲ್ಲಿ ಕೂತು ಮನಸ್ಸಿನಲ್ಲೇ ಅದನ್ನು ಬೈದೆ.

ಮೈಲೋ ಕನ್ನಡಕ ಏರಿಸಿಕೊಂಡು ನಮೂನೆ ಓದಿದರು. “ಒಂದು ಪ್ರಶ್ನೆ ಇದೆ. ಎದುರಿಗೆ ಕೂರಿಸಿಕೊಂಡೇ ಕೇಳೋದು ನನ್ನ ಪದ್ಧತಿ, ಅದಕ್ಕೇ ಬಾ ಅಂತ ಬರೆದಿದ್ದೆ. ಈ ಮೂರು ವರ್ಷದಲ್ಲಿ ಕುಡಿದು ಗಾಡಿ ಮುಟ್ಟಿದ್ದೀಯಾ?”

ನಾನು ತಲೆ ತಗ್ಗಿಸಲಿಲ್ಲ. “ಗಾಡಿ ಇರ್ಲಿ, ಬಾಟ್ಲೀನೇ ಮುಟ್ಟಿಲ್ಲ. ಒಂದು ತೊಟ್ಟೂ ಇಲ್ಲ.”

“ಗೊತ್ತು. ನಿನ್ನ ಬಾಯಿಂದ ಕೇಳಬೇಕಿತ್ತು. ಇಷ್ಟು ಹೇಳೋಕೆ ನಿನಗೆ ಮೂರು ವರ್ಷ ಏನಾಗಿತ್ತು ಧಾಡಿ?”

“ನಾಚಿಕೆ ಆಗಿತ್ತು,” ಅಂದೆ. ಸಹಿ ಹಾಕಿದೆ.

ಕಾಗದ ಕಳಿಸಿ ಕೈಬಿಡುವ ಮನುಷ್ಯ ಅಲ್ಲ ಅವರು. ನೆಬ್ರಾಸ್ಕಾದ ರಾಜಧಾನಿ ಲಿಂಕನ್‌ನ ಸರ್ಕಾರಿ ಕಚೇರಿಗೆ ಫೋನು ಹಚ್ಚಿದರು. ಕಾಯಿರಿ ಎಂದು ಕಚೇರಿಯವರು ಸಂಗೀತ ಹಾಕಿದರು. ನಾಲ್ಕೂವರೆ. ಮೈಲೋ ಹೆಂಡತಿ ಎರಡು ಸಲ ಮೊಬೈಲಿಗೆ ಕರೆದು ಬೈದರು. ಐದಕ್ಕೆ ನಾಲ್ಕು ನಿಮಿಷ ಇದ್ದಾಗ ಆ ಕಡೆಯಿಂದ ಹೆಂಗಸೊಬ್ಬಳ ದನಿ ಬಂತು: “ಬಂದಿದೆ. ನಡುವೆ ಒಂದು ದಿನವೂ ಬಿಟ್ಟಿಲ್ಲ.”

“ಇನ್ನೊಂದು ಸಲ ಹೇಳಿ,” ಅಂದೆ ನಾನು. ಪಾಪ, ಹೇಳಿದಳು.

ಮೂರು ವರ್ಷ ಮುಗಿದ ದಿನ, ಭಾನುವಾರ ಬೆಳಿಗ್ಗೆ, ಚರ್ಚಿಗೆ ಹೊರಟಿದ್ದೆ. ಮರ್ಲಿ ಮೆಟ್ಟಿಲಿಳಿದು ಬಂದು ಕಾರಿನ ಹತ್ತಿರ ನಿಂತಳು. ಕರೆಯಬಾರದು ಎಂದು ಬಾಯಿ ಬಿಗಿಹಿಡಿದು ಕೂತೆ. ಅವಳ ಕೈ ಮುಂದಿನ ಬಾಗಿಲಿನ ಹಿಡಿಯವರೆಗೂ ಬಂತು. ಹಾಗೇ ಸರಿದು ಹಿಂದಿನ ಬಾಗಿಲು ತೆಗೆಯಿತು. ಹಿಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು.

“ಇವತ್ತಿಗೆ ಇಷ್ಟೇ ಕಣಮ್ಮ,” ಅಂದಳು.

“ಅಷ್ಟೇ ಸಾಕು ಮಗಳೇ,” ಅಂದೆ. ಸರ್ಕಾರದ ಲೆಕ್ಕ ಮುಗಿದಿತ್ತು, ಅವಳದು ಈಗ ಶುರುವಾಗಿತ್ತು. ಕನ್ನಡಿಯಲ್ಲಿ ಅವಳ ಮುಖ ಕಾಣುವ ಹಾಗೆ ಸರಿಮಾಡಿಕೊಂಡು ನಿಧಾನವಾಗಿ ಗಾಡಿ ಬಿಟ್ಟೆ.